ಗೋಧಿ, ಬೀಳು, ಕುರಿ: ಕಾಸ್ತ್ರೊ ವೆರ್ದೆಯ ಬಯಲಲ್ಲಿ ಏಪ್ರಿಲ್‌ನ ಒಂದು ವಾರ

ಸೋಮವಾರ: ಬೇಜಾದಿಂದ ದಕ್ಷಿಣಕ್ಕೆ

ದಕ್ಷಿಣ ಪೋರ್ಚುಗಲ್‌ನ ಬೇಜಾ ಪಟ್ಟಣ ಬಿಟ್ಟು ಕಾಸ್ತ್ರೊ ವೆರ್ದೆಯ ಕಡೆ ಹೊರಟರೆ ಮೊದಲು ಎದುರಾಗುವುದು ಆಲಿವ್ ತೋಟಗಳು. ಗಿಡಗಳು ಸಾಲಾಗಿ ಒತ್ತೊತ್ತಾಗಿ ನಿಂತಿವೆ, ಬುಡದಲ್ಲಿ ಹನಿ ನೀರಾವರಿಯ ಕಪ್ಪು ಪೈಪು. 2002ರಲ್ಲಿ ಗ್ವಾದಿಯಾನಾ ನದಿಗೆ ಕಟ್ಟಿದ ಅಲ್ಕೆವಾ ಅಣೆಕಟ್ಟೆಯ ಗೇಟು ಮುಚ್ಚಿದ ಮೇಲೆ ಹರಿದ ನೀರು ಈ ಸೀಮೆಯ ಚಹರೆಯನ್ನೇ ಬದಲಿಸಿತು. ಎಂತ್ರಾದಾಸ್ ಹಳ್ಳಿಯ ಹೊತ್ತಿಗೆ ತೋಟಗಳು ಮುಗಿದು ಬಯಲು ತೆರೆದುಕೊಳ್ಳುತ್ತದೆ. ಮರ ಕಡಿಮೆ, ಏರಿಳಿತ ಕಡಿಮೆ, ಆಕಾಶ ಜಾಸ್ತಿ. ನಾವು ಬಂದದ್ದು ಈ ಬಯಲನ್ನೇ ನಂಬಿದ ಹಕ್ಕಿಗಳಿಗಾಗಿ.

ಇಲ್ಲಿಗೆ ತೋಟ ಬರದಿರಲು ಮಣ್ಣು ಒಂದು ಕಾರಣ. ಶಿಸ್ಟ್ ಕಲ್ಲಿನ ಮೇಲೆ ತೆಳುವಾಗಿ ಹರಡಿದ ಮಣ್ಣು ನೀರು ಹಿಡಿಯುವುದಿಲ್ಲ. ಇನ್ನೊಂದು ಕಾರಣ ಕಾನೂನು. ಐರೋಪ್ಯ ಒಕ್ಕೂಟದ ಪಕ್ಷಿ ನಿರ್ದೇಶನದ ಪ್ರಕಾರ 1999ರಲ್ಲಿ ಇದು ವಿಶೇಷ ಸಂರಕ್ಷಣಾ ಪ್ರದೇಶವಾಯಿತು. ಈಗಿನ ವಿಸ್ತಾರ ಸುಮಾರು 85,000 ಹೆಕ್ಟೇರ್, ಅಂದರೆ ಎರಡು ಲಕ್ಷ ಎಕರೆಗೂ ಮಿಕ್ಕಿ. 2017ರಲ್ಲಿ ಯುನೆಸ್ಕೊ ಕಾಸ್ತ್ರೊ ವೆರ್ದೆಯನ್ನು ಜೀವಗೋಳ ಮೀಸಲು ಪಟ್ಟಿಗೆ ಸೇರಿಸಿತು. ಸಂರಕ್ಷಿತ ಪ್ರದೇಶ ಎಂದೊಡನೆ ಚೆಕ್‌ಪೋಸ್ಟ್, ಗಾರ್ಡು, ಪ್ರವೇಶ ಚೀಟಿ ಹುಡುಕುವವರಿಗೆ ಇಲ್ಲಿ ಏನೂ ಸಿಗದು. ನೆಲದ ಬಹುಪಾಲು ಖಾಸಗಿ ಹೊಲ. ಟ್ರ್ಯಾಕ್ಟರು ಓಡುತ್ತದೆ, ಕುರಿ ಮೇಯುತ್ತದೆ.

ಹಳೆಯ ಬೇಸಾಯದ ಸರದಿ ಹೀಗೆ: ಮೊದಲ ವರ್ಷ ಗೋಧಿ, ಎರಡನೇ ವರ್ಷ ತೋಕೆಗೋಧಿ ಅಥವಾ ಟ್ರಿಟಿಕೇಲ್ (ಗೋಧಿ ಮತ್ತು ರೈ ಧಾನ್ಯದ ಮಿಶ್ರತಳಿ), ಆಮೇಲೆ ಎರಡು ಮೂರು ವರ್ಷ ಬೀಳು. ಬೀಳು ಬಿಟ್ಟ ನೆಲ ಕುರಿಗಳ ಪಾಲು. ಬಡ ಮಣ್ಣಿಗೆ ಸುಧಾರಿಸಿಕೊಳ್ಳಲು ಆ ವಿರಾಮ ಬೇಕೇ ಬೇಕು. ಹಾಗಂತ ಉಳದೆ ಬಹಳ ವರ್ಷ ಬಿಟ್ಟರೆ ಅಂಟು ಎಲೆಯ ಸಿಸ್ಟಸ್ ಪೊದೆ ಹೊಲವನ್ನು ಆವರಿಸುತ್ತದೆ, ಬಯಲಿನ ಹಕ್ಕಿ ಜಾಗ ಬಿಡುತ್ತದೆ. ಆದ್ದರಿಂದ ಇಲ್ಲಿ ನೇಗಿಲು ಸಂರಕ್ಷಣೆಯ ಸಲಕರಣೆಯೂ ಹೌದು. 1929ರಲ್ಲಿ ಸರ್ಕಾರ ಶುರುಮಾಡಿದ ಗೋಧಿ ಅಭಿಯಾನದಲ್ಲಿ ದಕ್ಷಿಣದ ಕುರುಚಲು ನೆಲವೆಲ್ಲ ಉಳುಮೆಗೆ ಬಂತು. ಇವತ್ತು ನಾವು ಕಾಪಾಡಲು ಹೊರಟ ‘ಸ್ಟೆಪ್’, ಅಂದರೆ ಮರವಿಲ್ಲದ ಹುಲ್ಲುಬಯಲು, ರೈತರ ಕೈಯಿಂದಲೇ ಆದದ್ದು.

1990ರ ದಶಕದ ಆರಂಭದಲ್ಲಿ ಈ ಬಯಲಿಗೆ ನೀಲಗಿರಿ ನೆಡುತೋಪು ಬರುವ ಭಯ ಎದುರಾಯಿತು. 1948ರಲ್ಲಿ ಸ್ಥಾಪನೆಯಾದ ಎಲ್‌ಪಿಎನ್ ಎಂಬ ಪರಿಸರ ಸಂಸ್ಥೆ 1993ರಿಂದ ಐರೋಪ್ಯ ಒಕ್ಕೂಟದ ‘ಲೈಫ್’ ನಿಧಿಯಲ್ಲಿ ಹೊಲಗಳನ್ನು ಕೊಂಡು ತಾನೇ ಬೇಸಾಯಕ್ಕಿಳಿಯಿತು. 1995ರಲ್ಲಿ ವಲಯ ಯೋಜನೆ ಬಂತು: ಸರದಿ ಬೇಸಾಯ ಮುಂದುವರಿಸುವ ರೈತರಿಗೆ ಹೆಕ್ಟೇರ್ ಲೆಕ್ಕದಲ್ಲಿ ಸಹಾಯಧನ.

ಮಂಗಳವಾರ: ಗ್ರೇಟ್ ಬಸ್ಟರ್ಡ್, ಮತ್ತು ಎರಡು ತಿಂಗಳ ಲೆಕ್ಕ

ಸಾವ್ ಮಾರ್ಕುಸ್ ಹಳ್ಳಿಯ ಕಡೆಯ ಮಣ್ಣುರಸ್ತೆಗಳಲ್ಲಿ ಸೂರ್ಯ ಹುಟ್ಟುವ ಮೊದಲೇ ಗಾಡಿ ನಿಲ್ಲಿಸಿಕೊಂಡಿರಬೇಕು. ಗ್ರೇಟ್ ಬಸ್ಟರ್ಡ್ ಎಂಬ ಈ ಭಾರಿ ಹಕ್ಕಿ ನಮ್ಮ ಎರೆಭೂತದ ನೆಂಟ. ಗಂಡು ಹತ್ತರಿಂದ ಹದಿನೈದು ಕಿಲೋ ತೂಗುತ್ತದೆ, ಹೆಣ್ಣು ನಾಲ್ಕೈದು ಕಿಲೋ. ಮಾರ್ಚ್, ಏಪ್ರಿಲ್‌ನಲ್ಲಿ ಗಂಡುಗಳು ಪ್ರತಿವರ್ಷ ಅದೇ ಜಾಗಗಳಲ್ಲಿ ನೆರೆಯುತ್ತವೆ. ಕತ್ತು ಉಬ್ಬಿಸಿ, ಬಾಲವನ್ನು ಬೆನ್ನ ಮೇಲೆ ಮಡಚಿ, ರೆಕ್ಕೆಯ ಬಿಳಿ ಗರಿಗಳನ್ನು ಹೊರಚಾಚಿದಾಗ ಎರಡು ಕಿಲೋಮೀಟರ್ ದೂರದಿಂದಲೂ ಕಾಣುವಷ್ಟು ಬೆಳ್ಳಗಾಗುತ್ತವೆ. ಮರುಕ್ಷಣ ಗರಿ ಮಡಚಿದರೆ ಅದೇ ಹಕ್ಕಿ ಕಂದು ಹುಲ್ಲಿನಲ್ಲಿ ಕರಗಿಹೋಗುತ್ತದೆ.

ನೋಡಲು ಹೋಗುವವರಿಗೆ ಕೆಲವು ಮಾತು. ಗಾಡಿಯಿಂದ ಇಳಿಯಬೇಡಿ, ಗಾಡಿ ಅವಕ್ಕೆ ಪರಿಚಿತ, ಎರಡು ಕಾಲಿನ ಮನುಷ್ಯ ಅಲ್ಲ. ಅರ್ಧ ಕಿಲೋಮೀಟರಿಗಿಂತ ಹತ್ತಿರ ಹೋಗಬೇಡಿ. ಟೆಲಿಸ್ಕೋಪನ್ನು ಕಿಟಕಿಯ ಗಾಜಿಗೆ ಕ್ಲಾಂಪ್ ಹಾಕಿ ಕೂರಿಸಿ, ಎಂಜಿನ್ ಆರಿಸಿ. ಬಿಸಿಲೇರಿದ ಮೇಲೆ ನೆಲದಿಂದೇಳುವ ಝಳದಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಗೊತ್ತಾಗುವುದಿಲ್ಲ, ಎಣಿಕೆ ಕೆಡುತ್ತದೆ. ಡ್ರೋನಿನ ಮಾತೇ ಬೇಡ.

ಆದರೆ ನಿಜವಾದ ವಿಷಯ ಇರುವುದು ಹೆಣ್ಣಿನ ಕಡೆ. ಗಂಡಿನ ಕೆಲಸ ಕುಣಿತಕ್ಕೇ ಮುಗಿಯುತ್ತದೆ. ಹೆಣ್ಣು ಒಬ್ಬಳೇ ಗೋಧಿ ಹೊಲದಲ್ಲೋ ಎತ್ತರದ ಹುಲ್ಲಿನ ಬೀಳಿನಲ್ಲೋ ನೆಲ ಕೆರೆದು ಎರಡು, ಅಪರೂಪಕ್ಕೆ ಮೂರು ಮೊಟ್ಟೆ ಇಡುತ್ತಾಳೆ. ಏಪ್ರಿಲ್ ಕೊನೆಗೆ ಮೊಟ್ಟೆ ಬಿತ್ತೆಂದುಕೊಳ್ಳಿ. ಕಾವು ಮೂರೂವರೆ ವಾರ. ಮರಿ ಹಾರಲು ಕಲಿಯುವುದಕ್ಕೆ ಮತ್ತೆ ಐದು ವಾರ. ಆ ದಿನಗಳಲ್ಲಿ ಅದರ ಆಹಾರ ತಾಯಿ ಹಿಡಿದುಕೊಡುವ ಮಿಡತೆ, ಜೀರುಂಡೆ. ಒಟ್ಟು ಎರಡು ತಿಂಗಳು, ಅಂದರೆ ಜೂನ್ ಕೊನೆ. ಅಷ್ಟರೊಳಗೆ ಆ ಹೊಲಕ್ಕೆ ಯಂತ್ರ ಇಳಿಯಬಾರದು.

ಕಾಳಿಗೆ ಬೆಳೆದ ಗೋಧಿಯ ಕೊಯ್ಲು ಜೂನ್‌ನಲ್ಲಿ ಶುರುವಾಗಿ ಜುಲೈವರೆಗೆ ನಡೆಯುವುದರಿಂದ ಹಳೆಯ ಕ್ರಮದಲ್ಲಿ ಇದು ಹೇಗೋ ಹೊಂದಿಕೊಳ್ಳುತ್ತಿತ್ತು. ಈಗ ಅದೇ ಹೊಲದಲ್ಲಿ ಒಣಮೇವಿಗಾಗಿ ಬಿತ್ತುತ್ತಾರೆ. ಮೇವು ಹಸಿರಾಗಿರುವಾಗಲೇ, ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಕತ್ತರಿಸಿದರೆ ಪೌಷ್ಟಿಕಾಂಶ ಹೆಚ್ಚು. ರೈತನ ಲೆಕ್ಕ ಸರಿ. ಹಕ್ಕಿಗೆ ಅದು ಕಾವಿನ ನಟ್ಟನಡುವೆ ಬರುವ ಕತ್ತಿ. ಹೆಣ್ಣು ಓಡದೆ ನೆಲಕ್ಕೆ ಒತ್ತಿಕೊಂಡು ಕೂರುವುದರಿಂದ ಮೊಟ್ಟೆಯ ಜೊತೆ ತಾಯಿಯೂ ಹೋಗುತ್ತದೆ. ಮೊಟ್ಟೆ ಹೋದರೆ ಒಂದು ವರ್ಷ ನಷ್ಟ. ತಾಯಿ ಹೋದರೆ ಮುಂದೆ ಅವಳು ಮಾಡಬಹುದಾಗಿದ್ದ ಎಲ್ಲ ಸಂತಾನ ನಷ್ಟ.

ಕತ್ತರಿಸಲೇಬೇಕಾದರೆ ಹಾನಿ ತಗ್ಗಿಸುವ ದಾರಿಗಳಿವೆ. ಹೊಲದ ಅಂಚಿನಿಂದ ಸುತ್ತುತ್ತ ಒಳಗೆ ಹೋದರೆ ಮಧ್ಯದಲ್ಲಿ ಉಳಿದ ತುಂಡಿನಲ್ಲಿ ಹಕ್ಕಿಗಳು ಸಿಕ್ಕಿಕೊಳ್ಳುತ್ತವೆ. ಮಧ್ಯದಿಂದ ಶುರುಮಾಡಿ ಹೊರಕ್ಕೆ ಬರಬೇಕು, ಹೊರಗಿನ ಅಂಚಿನಲ್ಲಿ ಒಂದು ಪಟ್ಟಿ ಕತ್ತರಿಸದೆ ಬಿಡಬೇಕು. ವೇಗ ಗಂಟೆಗೆ ಹತ್ತು ಕಿಲೋಮೀಟರ್ ಮೀರಬಾರದು. ಬ್ಲೇಡು ನೆಲದಿಂದ ಕನಿಷ್ಠ ಹತ್ತು ಸೆಂಟಿಮೀಟರ್ ಮೇಲಿರಲಿ. ರಾತ್ರಿ ಕೊಯ್ಲು ಕೂಡದು. ಕತ್ತಿಯ ಮುಂದೆ ಅಡ್ಡಪಟ್ಟಿಗೆ ಸರಪಳಿ ಇಳಿಬಿಟ್ಟರೆ ಕೆಲವು ಹಕ್ಕಿಗಳು ಮೊದಲೇ ಏಳುತ್ತವೆ. ಇವೆಲ್ಲ ತಾಯಿಯನ್ನು ಉಳಿಸಬಹುದು, ಮೊಟ್ಟೆಯನ್ನಲ್ಲ. ಮೊಟ್ಟೆ ಉಳಿಯಲು ತಾರೀಖು ಮುಂದಕ್ಕೆ ಹೋಗಬೇಕು, ಬೇರೆ ಉಪಾಯವಿಲ್ಲ.

ಬುಧವಾರ: ಲಿಟಲ್ ಬಸ್ಟರ್ಡ್ ಎಣಿಕೆ

ಇದು ಕೋಳಿಗಿಂತ ಚಿಕ್ಕ ಹಕ್ಕಿ, ತೂಕ ಕಿಲೋದೊಳಗೆ. ಗಂಡಿನ ಕುತ್ತಿಗೆ ಕಪ್ಪು, ಅದರ ಮೇಲೆ ಬಿಳಿ ಪಟ್ಟಿ. ಬೀಳಿನಲ್ಲಿ ನಿಂತು ತಲೆ ಹಿಂದಕ್ಕೆಸೆದು ‘ಪ್ರ್‌ಟ್’ ಎಂದು ಒಣ ಸದ್ದು ಮಾಡುತ್ತದೆ, ಆಗೀಗ ನೆಲದಿಂದ ಚಿಮ್ಮಿ ರೆಕ್ಕೆ ಬಡಿಯುತ್ತದೆ.

ಎಣಿಕೆಯ ಕ್ರಮ ಸರಳ. ಬೆಳಿಗ್ಗೆಯ ಮೊದಲ ಮೂರು ಗಂಟೆ ಅಥವಾ ಸಂಜೆಯ ಕೊನೆಯ ಮೂರು ಗಂಟೆ. ನಕ್ಷೆಯಲ್ಲಿ ಗುರುತಿಸಿದ ಜಾಗದಲ್ಲಿ ನಿಂತು ಐದು ನಿಮಿಷ, ಸುತ್ತ 250 ಮೀಟರ್‌ವರೆಗೆ ಕಂಡ, ಕೇಳಿದ ಗಂಡುಗಳನ್ನು ಬರೆದುಕೊಳ್ಳುವುದು. ಎರಡು ಜಾಗಗಳ ನಡುವೆ ಒಂದೇ ಹಕ್ಕಿ ಎರಡು ಸಲ ಲೆಕ್ಕಕ್ಕೆ ಬರದಷ್ಟು ಅಂತರ ಇರಬೇಕು. ಗಾಳಿ ಜೋರಿದ್ದರೆ ಮನೆಗೆ ಹೋಗುವುದೇ ಒಳ್ಳೆಯದು. ಕೇಳಿಸದ್ದನ್ನು ‘ಇಲ್ಲ’ ಎಂದು ಬರೆದರೆ ನಕ್ಷೆ ಸುಳ್ಳಾಗುತ್ತದೆ. ದೂರದ ಅಂದಾಜಿಗೆ ಮೊದಲೇ ಬೇಲಿಯ ಕಂಬ, ಕಲ್ಲುಗುಪ್ಪೆಗಳನ್ನು ರೇಂಜ್‌ಫೈಂಡರ್‌ನಲ್ಲಿ ಅಳೆದಿಟ್ಟುಕೊಳ್ಳಬೇಕು. ಬಯಲಲ್ಲಿ ಕಣ್ಣು ದೂರವನ್ನು ಯಾವಾಗಲೂ ಕಡಿಮೆಯಾಗಿಯೇ ಹೇಳುತ್ತದೆ.

ಪೋರ್ಚುಗಲ್‌ನ ರಾಷ್ಟ್ರೀಯ ಗಣತಿಗಳ ಅಂದಾಜು: 2003–06ರಲ್ಲಿ ಸುಮಾರು 17,400 ಗಂಡು, 2016ರಲ್ಲಿ ಸುಮಾರು 8,900, 2022ರಲ್ಲಿ ಸುಮಾರು 3,900. ಹದಿನಾರು ವರ್ಷದಲ್ಲಿ ನಾಲ್ಕರಲ್ಲಿ ಮೂರು ಪಾಲು ಹೋಯಿತು. ಈ ಅಂಕಿಯೂ ಪೂರ್ತಿ ಕಥೆ ಹೇಳುವುದಿಲ್ಲ. ಹೆಣ್ಣು ಹುಲ್ಲಿನಲ್ಲಿ ಅಡಗಿರುವುದರಿಂದ ಎಣಿಕೆಗೆ ಸಿಗುವುದು ಗಂಡು ಮಾತ್ರ. ಕೊಯ್ಲುಯಂತ್ರಕ್ಕೆ ಬಲಿಯಾಗುವುದು ಗೂಡಿನಲ್ಲಿ ಕೂತ ಹೆಣ್ಣು. ಗಂಡಿನ ಸದ್ದು ಕೇಳುತ್ತಿದೆ ಎಂದು ನೆಮ್ಮದಿಪಟ್ಟರೆ ಮೋಸಹೋದಂತೆ.

ಬೀಳಿನ ಹುಲ್ಲು ಎಷ್ಟೆತ್ತರ ಇರಬೇಕು ಎಂಬುದು ಇಲ್ಲಿ ಎಲ್ಲರೂ ಚರ್ಚಿಸುವ ವಿಷಯ. ಗಂಡಿಗೆ ಹತ್ತರಿಂದ ಇಪ್ಪತ್ತು ಸೆಂಟಿಮೀಟರ್ ಹಿತ: ಅಡಗಬಹುದು, ಕತ್ತೆತ್ತಿದರೆ ಸುತ್ತ ಕಾಣುತ್ತದೆ. ಹೆಣ್ಣಿಗೆ ಗೂಡಿಗಾಗಿ ಇನ್ನೂ ಕೊಂಚ ದಟ್ಟ, ಹುಳುಹುಪ್ಪಟೆ ಇರುವ ಹುಲ್ಲು ಬೇಕು. ಸ್ಕೇಲು ನೆಟ್ಟು ಹೊಲದ ಇಪ್ಪತ್ತು ಕಡೆ ಅಳೆದು ಸರಾಸರಿ ತೆಗೆದರಷ್ಟೇ ಸಾಲದು. ಒಂದೇ ಹೊಲದಲ್ಲಿ ಬೋಳು ಜಾಗವೂ ದಟ್ಟ ಜಾಗವೂ ಇದ್ದರೆ ಸರಾಸರಿ ‘ಸರಿ’ ಎನ್ನುತ್ತದೆ, ಎಲ್ಲೆಡೆ ಒಂದೇ ಎತ್ತರವಿದ್ದರೂ ‘ಸರಿ’ ಎನ್ನುತ್ತದೆ. ಹಕ್ಕಿಗೆ ಬೇಕಾದ್ದು ಮೊದಲಿನದು.

ಆ ಏರುಪೇರನ್ನು ಕುರಿ ಮಾಡಿಕೊಡುತ್ತದೆ, ಕಾಯುವವನಿದ್ದರೆ. ಕುರುಬರು ಸಿಗುವುದು ಕಷ್ಟವಾದಂತೆ, ಮೊಲೆಯುಣಿಸುವ ಹಸುಗಳಿಗೆ ತಲೆಲೆಕ್ಕದ ಸಹಾಯಧನ ಉಳಿದುಕೊಂಡದ್ದರಿಂದ, ಬಹಳ ಮಂದಿ ದನಕ್ಕೆ ಬದಲಾದರು. ಯುರೋಪಿನ ಹಳೆಯ ಜಾನುವಾರು ಲೆಕ್ಕದಲ್ಲಿ ಒಂದು ದೊಡ್ಡ ಹಸು ಒಂದು ಘಟಕ, ಒಂದು ಕುರಿ 0.15. ಅಂದರೆ ಒಂದು ಹಸುವಿಗೆ ಆರೇಳು ಕುರಿ. ಕಾಗದದ ಮೇಲೆ ಎರಡೂ ಸಮ. ಹೊಲದಲ್ಲಿ ಹಸು ಗಟ್ಟಿ ಬೇಲಿ ಕೇಳುತ್ತದೆ, ಬೇಸಿಗೆಗೆ ಒಣಮೇವು ಕೇಳುತ್ತದೆ, ಆ ಮೇವಿಗಾಗಿ ಇನ್ನೊಂದು ಹೊಲವನ್ನು ಮೇ ತಿಂಗಳಲ್ಲಿ ಕತ್ತರಿಸಬೇಕಾಗುತ್ತದೆ. ದನ ಹಕ್ಕಿಯ ಶತ್ರು ಎನ್ನಲಾಗದು; ಅದರ ಹಿಂದೆ ಬರುವ ಬೇಲಿ ಮತ್ತು ಮೇವು ಶತ್ರು.

ಗುರುವಾರ: ಗೋಡೆಯೊಳಗಿನ ಚಾಣ

ಲೆಸ್ಸರ್ ಕೆಸ್ಟ್ರೆಲ್ ಎಂಬ ಪುಟ್ಟ ಚಾಣ ಆಫ್ರಿಕಾದ ಸಾಹೇಲ್ ಸೀಮೆಯಲ್ಲಿ ಚಳಿಗಾಲ ಕಳೆದು ಫೆಬ್ರುವರಿಯಲ್ಲಿ ಮರಳುತ್ತದೆ. ಗುಂಪಾಗಿ ಗೂಡು ಮಾಡುತ್ತದೆ, ಹಳೆಯ ಗೋಡೆಯ ಬಿಲಗಳಲ್ಲಿ. ಈ ಸೀಮೆಯ ಹಳೆಯ ಹೊಲಮನೆಗಳು ‘ತೈಪಾ’, ಅಂದರೆ ಅಚ್ಚಿನೊಳಗೆ ಮಣ್ಣು ಗುದ್ದಿ ಕಟ್ಟಿದವು. ಜನ ಬಿಟ್ಟುಹೋದ ಮೇಲೆ ಹೆಂಚು ಜಾರುತ್ತದೆ, ಗೋಡೆಯ ತಲೆಗೆ ಮಳೆನೀರು ಇಳಿಯುತ್ತದೆ, ಕೆಲವು ಮಳೆಗಾಲದಲ್ಲಿ ಗೋಡೆ ಗೂಡುಗಳ ಸಮೇತ ಕುಸಿಯುತ್ತದೆ. 1990ರ ದಶಕದ ಮಧ್ಯದಲ್ಲಿ ಪೋರ್ಚುಗಲ್‌ನಲ್ಲಿ ಉಳಿದಿದ್ದದ್ದು 150ರಿಂದ 160 ಜೋಡಿ. 2002ರಿಂದ 2006ರವರೆಗೆ ನಡೆದ ಯೋಜನೆಯಲ್ಲಿ ಗೋಡೆಗಳ ದುರಸ್ತಿ, ಹೊಸ ಗೂಡುಗೋಡೆ ಮತ್ತು ಗೋಪುರಗಳ ನಿರ್ಮಾಣ ಆದ ಮೇಲೆ ಸಂಖ್ಯೆ ಹಲವು ಪಟ್ಟು ಏರಿತು. ಅದರ ಬಹುಪಾಲು ಕಾಸ್ತ್ರೊ ವೆರ್ದೆಯಲ್ಲೇ. ಬಯಲ ಹಕ್ಕಿಗಳ ಕೆಲಸದಲ್ಲಿ ಇಷ್ಟು ಬೇಗ ಫಲ ಕೊಟ್ಟದ್ದು ಇನ್ನೊಂದಿಲ್ಲ. ಕಾರಣವೂ ಸ್ಪಷ್ಟ: ಕೊರತೆ ಇದ್ದದ್ದು ಬಿಲಕ್ಕೆ, ಬಿಲವನ್ನು ಕಟ್ಟಬಹುದು.

ವಾಲೆ ಗೊನ್ಸಾಲಿನ್ಯು ಎಲ್‌ಪಿಎನ್‌ನ ಹೊಲ. ಪರಿಸರ ಶಿಕ್ಷಣ ಕೇಂದ್ರವೂ ಅಲ್ಲೇ ಇದೆ. ಗೂಡುಗೋಡೆ ಕಟ್ಟುವವರು ಗಮನಿಸಬೇಕಾದದ್ದು ಬಹಳವಿದೆ. ಮಣ್ಣಿನ ಗಡಿಗೆಯನ್ನು ಅಡ್ಡ ಮಲಗಿಸಿ ಗೋಡೆಯೊಳಗೆ ಹುದುಗಿಸಿ ಕಟ್ಟುವುದು ಒಂದು ವಿಧಾನ. ಬಾಯಿಯ ರಂಧ್ರ ಆರೂವರೆ ಸೆಂಟಿಮೀಟರ್ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಬಹಳ ದೊಡ್ಡದಾದರೆ ಜಾಕ್‌ಡಾ ಕಾಗೆ, ಪಾರಿವಾಳ ಸೇರಿಕೊಳ್ಳುತ್ತವೆ. ಅವು ಚಾಣಕ್ಕಿಂತ ದಪ್ಪ, ಜಗಳದಲ್ಲಿ ಗೆಲ್ಲುತ್ತವೆ. ಗಡಿಗೆ ಕೊಂಚವೇ ಹಿಂದಕ್ಕೆ ವಾಲಿರಲಿ. ಮುಂದಕ್ಕೆ ವಾಲಿದರೆ ಮೊಟ್ಟೆ ಉರುಳುತ್ತದೆ. ತೀರ ಹಿಂದಕ್ಕೆ ವಾಲಿದರೆ ನೀರು ನಿಂತು ಮೊಟ್ಟೆ ಕೊಳೆಯುತ್ತದೆ. ಚಾಣ ಕಡ್ಡಿ ತಂದು ಗೂಡು ಹೆಣೆಯುವುದಿಲ್ಲ, ಆದ್ದರಿಂದ ಒಳಗೆ ಎರಡು ಹಿಡಿ ಮರಳು ಅಥವಾ ಸಣ್ಣ ಜಲ್ಲಿ ಹಾಕಿಡಬೇಕು. ಮೂರು ನಾಲ್ಕು ಮೀಟರ್ ಎತ್ತರ, ಕೆಳಭಾಗದಲ್ಲಿ ನುಣ್ಣನೆಯ ಗಾರೆ, ಹಾವು, ಇಲಿ ಹತ್ತದಂತೆ. ಹಳೆಯ ಮಣ್ಣುಗೋಡೆಯಾದರೆ ಸಿಮೆಂಟ್ ಬಳಿಯಲೇಬಾರದು. ತೇವ ಒಳಗೇ ಉಳಿದು ಸಿಮೆಂಟಿನ ಪದರ ಮಣ್ಣನ್ನು ಹೊತ್ತುಕೊಂಡೇ ಕಳಚುತ್ತದೆ. ಸುಣ್ಣದ ಗಾರೆ ಸಾಕು, ಗೋಡೆಯ ತಲೆಗೆ ಮುಚ್ಚಿಗೆ ಇದ್ದರೆ. ಸ್ವಚ್ಛತೆ, ದುರಸ್ತಿ ಎಲ್ಲ ಅಕ್ಟೋಬರ್‌ನಿಂದ ಜನವರಿಯೊಳಗೆ ಮುಗಿಯಬೇಕು.

ಗೋಡೆಗಿಂತ ಮರದ ಪೆಟ್ಟಿಗೆ ಅಗ್ಗ, ಬೇಗ ಆಗುತ್ತದೆ. ತೊಂದರೆ ಜೂನ್‌ನಲ್ಲಿ. ತೆಳು ಹಲಗೆಯ ಪೆಟ್ಟಿಗೆ ದಕ್ಷಿಣಕ್ಕೆ ಮುಖ ಮಾಡಿದ್ದರೆ ಒಳಗಿನ ಬಿಸಿ ಹೊರಗಿನದಕ್ಕಿಂತ ಬಹಳ ಮೇಲೇರುತ್ತದೆ. ಬಿಸಿಗಾಳಿಯ ದಿನಗಳಲ್ಲಿ ಮರಿಗಳು ನೀರಿನಂಶ ಕಳೆದುಕೊಂಡು ಸತ್ತದ್ದು ಇದೇ ಬಯಲಲ್ಲಿ ದಾಖಲಾಗಿದೆ. ಉತ್ತರ ಅಥವಾ ಪೂರ್ವಕ್ಕೆ ಮುಖ, ಮೇಲೆ ಗಾಳಿಯಾಡುವ ಸಂದಿ ಬಿಟ್ಟು ಎರಡನೇ ಸೂರು, ಹೊರಗೆ ಬಿಳಿ ಬಣ್ಣ: ಕನಿಷ್ಠ ಇಷ್ಟು ಮಾಡಿ. ದಪ್ಪ ಗೋಡೆಯೊಳಗಿನ ಗಡಿಗೆಗೆ ಈ ಚಿಂತೆ ಕಡಿಮೆ. ದುಡ್ಡಿದ್ದರೆ ಗೋಡೆಯನ್ನೇ ಕಟ್ಟಿ ಎನ್ನುವುದು ನಮ್ಮ ಅಭಿಪ್ರಾಯ. ನಮ್ಮ ನೀಲಕಂಠದ ಯುರೋಪಿನ ನೆಂಟನೂ ಇದೇ ಬಿಲಗಳಿಗೆ ಬರುತ್ತದೆ, ಅದನ್ನು ಓಡಿಸುವ ಅಗತ್ಯವಿಲ್ಲ, ಬಿಲಗಳನ್ನು ಹೆಚ್ಚಿಸಿದರಾಯಿತು.

ಗೋಡೆಯ ಬುಡದಲ್ಲಿ ಚಾಣ ಕಕ್ಕಿದ ಉಂಡೆಗಳು ಬಿದ್ದಿರುತ್ತವೆ, ಬೆರಳಿನ ತುದಿಯಷ್ಟು, ಹಗುರ. ಒಂದನ್ನು ಬಿಡಿಸಿದರೆ ಒಳಗೆ ಜೀರುಂಡೆಯ ಹಸಿರು ಹೊಳಪಿನ ರೆಕ್ಕೆಚಿಪ್ಪು, ಚಿಮ್ಮಂಡೆಯ ದವಡೆ, ಶತಪದಿಯ ಕೆಂಪು ಹೋಳು. ಈ ಆಹಾರ ಸಿಗುವುದು ಗಿಡ್ಡ ಹುಲ್ಲಿನ ಬೀಳಿನಲ್ಲಿ, ಜೂನ್ ಆದಮೇಲೆ ಗೋಧಿ ಕೊಯ್ದ ಕೂಳೆಯಲ್ಲಿ. ಎತ್ತರದ ಪೈರಿನೊಳಗೆ ಹುಳು ಎಷ್ಟಿದ್ದರೂ ಚಾಣಕ್ಕೆ ನಿಲುಕದು. ಗೋಡೆ ಕಟ್ಟಿ ಸುತ್ತಲಿನ ಸರದಿ ಕೆಡಿಸಿದರೆ ಗಡಿಗೆಗಳು ಖಾಲಿ ಉಳಿಯುತ್ತವೆ.

ಶುಕ್ರವಾರ: ಬೇಲಿ, ತಂತಿ, ನೀರು

ಇಲ್ಲಿನ ಕುರಿಬೇಲಿಯ ಹೆಣಿಗೆ ತಂತಿಯಲ್ಲಿ ಕೆಳಗೆ ಸಣ್ಣ ಚೌಕ, ಮೇಲೆ ಹೋದಂತೆ ದೊಡ್ಡ ಚೌಕ. ಬಸ್ಟರ್ಡ್ ಮರಿಗಳು ತಾಯಿಯ ಹಿಂದೆ ನಡೆದೇ ಸಾಗುವುದರಿಂದ ಕೆಳಗಿನ ಸಣ್ಣ ಚೌಕದಲ್ಲಿ ತೂರಲಾರವು. ತಾಯಿ ಆಚೆ, ಮರಿ ಈಚೆ ಆದರೆ ನರಿಗೆ ಹಬ್ಬ. ಅತಿ ಅಗ್ಗದ ಪರಿಹಾರ ಹೊಸ ಬೇಲಿ ಹಾಕುವಾಗ ಹೆಣಿಗೆಯನ್ನು ತಲೆಕೆಳಗು ಮಾಡುವುದು: ದೊಡ್ಡ ಚೌಕ ಕೆಳಗೆ ಬರುತ್ತದೆ, ಕುರಿ ನಿಲ್ಲುತ್ತದೆ, ಹಕ್ಕಿಮರಿ ದಾಟುತ್ತದೆ. ಎಳೆ ಕುರಿಮರಿ ತಪ್ಪಿಸಿಕೊಳ್ಳಬಹುದೆಂದು ರೈತರು ಹೇಳುತ್ತಾರೆ, ಅದು ನಿಜವೂ ಹೌದು. ಕುರಿ ಮರಿ ಹಾಕುವ ಹೊಲ ಬಿಟ್ಟು ಉಳಿದೆಡೆ ಮಾಡಿದರೆ ತಕರಾರು ಇರುವುದಿಲ್ಲ. ಮೇಲಿನ ಮುಳ್ಳುತಂತಿ ತೆಗೆದು ನಯವಾದ ತಂತಿ ಹಾಕಿ, ಕಂಬಗಳ ನಡುವೆ ಬಿಳಿ ತಗಡಿನ ತುಂಡು ಸಿಕ್ಕಿಸಬೇಕು. ಒಂದು ಮುಳ್ಳಿನಲ್ಲಿ ಕಂದು ಪಟ್ಟೆಯ ಗರಿ ಸಿಕ್ಕಿಕೊಂಡಿತ್ತು, ಬುಡದಲ್ಲಿ ಚರ್ಮದ ಚೂರು ಸಮೇತ. ತಾನಾಗಿ ಉದುರಿದ ಗರಿ ಹಾಗಿರುವುದಿಲ್ಲ.

ವಿದ್ಯುತ್ ತಂತಿ ಇನ್ನೂ ಕೆಟ್ಟದು. ಭಾರದ ಹಕ್ಕಿ ಹಾರುತ್ತಿರುವಾಗ ಗಕ್ಕನೆ ತಿರುಗಲಾರದು. ಬಸ್ಟರ್ಡ್ ಕುಲಕ್ಕೆ ನೇರ ಮುಂದಿನ ನೋಟವೂ ಕಿರಿದು, ತಲೆ ಬಗ್ಗಿಸಿ ನೆಲ ನೋಡುತ್ತ ಹಾರಿದರೆ ಮುಂದಿರುವುದು ಕಾಣುವುದೇ ಇಲ್ಲ. ತಂತಿಗೆ ಸುರುಳಿ ಸುತ್ತಿದರೆ ಡಿಕ್ಕಿ ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ. ತಿರುಗುವ ಫಲಕಗಳು ಚೆನ್ನಾಗಿ ಕಾಣುತ್ತವೆ, ಆದರೆ ಸದಾ ಗಾಳಿಯಿರುವ ಬಯಲಲ್ಲಿ ಅವುಗಳ ಕೀಲು ಸವೆದು ಬೀಳುತ್ತವೆ. ವರ್ಷಕ್ಕೊಮ್ಮೆ ಕಂಬದಿಂದ ಕಂಬಕ್ಕೆ ನಡೆದು ಎಣಿಸದಿದ್ದರೆ ‘ಗುರುತು ಹಾಕಿದ ಲೈನು’ ಹೆಸರಿಗಷ್ಟೇ ಉಳಿಯುತ್ತದೆ. ಗಂಡುಗಳು ನೆರೆಯುವ ಜಾಗದ ಪಕ್ಕದ ಲೈನನ್ನು ನೆಲದೊಳಗೆ ಹಾಕುವುದೇ ಸರಿ. ಖರ್ಚು ಜಾಸ್ತಿಯಾದ್ದರಿಂದ ಇಡೀ ಬಯಲಿಗೆ ಅದು ಆಗದ ಮಾತು.

ಕೊಳಗಳದ್ದು ಚಿಕ್ಕ ವಿಷಯ. ದಂಡೆ ಇಳಿಜಾರಾಗಿರಬೇಕು, ಮರಿ ಮುಳುಗದಂತೆ. ದಂಡೆಯ ಒಂದು ಪಾಲು ಬೋಳಾಗಿರಲಿ. ಸ್ಯಾಂಡ್‌ಗ್ರೌಸ್ ಎಂಬ ಬಯಲ ಹಕ್ಕಿ ಸುತ್ತ ಕಾಣದ ಜಾಗದಲ್ಲಿ ನೀರಿಗೆ ಇಳಿಯುವುದಿಲ್ಲ. ದನಕ್ಕೆ ಬೇರೆ ತೊಟ್ಟಿ ಕೊಡಿ.

ಶನಿವಾರ: ಸೆಳೆವದ ಗೂಡು, ರೈತನ ದುಡ್ಡು

1995–97 ಮತ್ತು 2010–12ರ ಪಕ್ಷಿ ಎಣಿಕೆಗಳನ್ನು ಹೋಲಿಸಿದ ಅಧ್ಯಯನವೊಂದು ಸಂರಕ್ಷಿತ ಪ್ರದೇಶವನ್ನೂ ಹತ್ತಿರದ ಹೊರ ಪ್ರದೇಶವನ್ನೂ ಅಕ್ಕಪಕ್ಕ ಇಟ್ಟು ನೋಡಿತು. ಎರಡು ಬಸ್ಟರ್ಡ್, ಚಾಣ ಮತ್ತು ಬೀಳನ್ನೇ ನಂಬಿದ ಹಕ್ಕಿಗಳ ಸ್ಥಿತಿ ಒಳಗೆ ಉತ್ತಮವಾಗಿತ್ತು. ಉತ್ತ ಹೊಲದ ಹಕ್ಕಿಗಳು, ಒಟ್ಟಾರೆ ನೆಲಗೂಡಿನ ಹಕ್ಕಿಗಳು ಹೊರಗೇ ಮೇಲಾಗಿದ್ದವು. ಪ್ರಸಿದ್ಧ ಹಕ್ಕಿಗೆ ಹೊಲಿದ ಅಂಗಿ ಎಲ್ಲ ಹಕ್ಕಿಗೂ ಆಗಲಿಲ್ಲ. ಬೀಳಿಗೆ ದುಡ್ಡು ಕೊಟ್ಟರೆ ಬೀಳು ಹೆಚ್ಚುತ್ತದೆ, ಗೋಧಿ ಕುಗ್ಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಸಹಾಯಧನ ಸೇರಬೇಕಾದದ್ದು ಸರದಿಗೆ ಮತ್ತು ಕೊಯ್ಲಿನ ತಾರೀಖಿಗೆ. ಅದೂ ಮೇವಿನ ನಷ್ಟಕ್ಕೆ ಸರಿಹೊಂದುವಷ್ಟು. ಬರಗಾಲದ ವರ್ಷ ಮೇವಿನ ಬೆಲೆ ಏರಿದಾಗ ಹಳೆಯ ದರದ ಒಪ್ಪಂದವನ್ನು ರೈತ ಮುರಿದರೆ ಅವನನ್ನು ದೂರಿ ಫಲವಿಲ್ಲ.

ಮಾಂಟೆಗು ಹ್ಯಾರಿಯರ್ ಎಂಬ ಸೆಳೆವ, ಒಂದು ಬೇಟೆಹಕ್ಕಿ, ಗೂಡು ಮಾಡುವುದು ನಿಂತ ಪೈರಿನಲ್ಲೇ. ಮೇ ಮೊದಲ ವಾರ ಮೊಟ್ಟೆಯಿಟ್ಟರೆ ನಾಲ್ಕು ವಾರ ಕಾವು, ಹಾರಲು ಮತ್ತೆ ನಾಲ್ಕೈದು ವಾರ. ಅಲ್ಲಿಗೆ ಜುಲೈ ಬರುತ್ತದೆ, ಕೊಯ್ಲುಯಂತ್ರ ಅದಕ್ಕೂ ಮೊದಲೇ ಬಂದಿರುತ್ತದೆ. ಏಪ್ರಿಲ್ ಕೊನೆಯಿಂದ ಗಾಡಿಯಲ್ಲೇ ಕೂತು ಗಂಡು ಗಾಳಿಯಲ್ಲಿ ಹೆಣ್ಣಿಗೆ ಬೇಟೆ ದಾಟಿಸುವುದನ್ನು ಕಾಯಬೇಕು. ಹೆಣ್ಣು ಇಳಿದ ಜಾಗಕ್ಕೆ ಎರಡು ಕಡೆಯಿಂದ ದಿಕ್ಸೂಚಿ ಹಿಡಿದರೆ ಗೂಡು ಸಿಗುತ್ತದೆ. ಕಾವಿನ ದಿನಗಳಲ್ಲಿ ಒಳಗೆ ನಡೆಯಬಾರದು. ಮರಿ ಒಡೆದ ಮೇಲೆ ಒಬ್ಬರು ಗಾಡಿಯಿಂದ ದಾರಿ ಹೇಳುತ್ತ, ಇನ್ನೊಬ್ಬರು ಟ್ರ್ಯಾಕ್ಟರ್ ಚಕ್ರದ ಸಾಲಿನಲ್ಲೇ ಹೋಗಿ ಬೇಗ ಮರಳಬೇಕು. ಗುರುತಿನ ಕೋಲನ್ನು ಗೂಡಿನ ಬಳಿ ನೆಡದೆ ಹತ್ತು ಹದಿನೈದು ಮೀಟರ್ ಆಚೆ ನೆಡಿ, ಕಾಗೆ ಕೋಲನ್ನು ಓದಲು ಕಲಿಯುತ್ತದೆ. ಆಮೇಲೆ ರೈತನನ್ನೂ ಯಂತ್ರದ ಚಾಲಕನನ್ನೂ ಇಬ್ಬರನ್ನೂ ಕಾಣಬೇಕು. ಬಹಳ ಸಲ ಇಬ್ಬರೂ ಬೇರೆ ಬೇರೆ, ಮಾತು ಒಬ್ಬರಲ್ಲೇ ನಿಂತುಹೋಗುತ್ತದೆ.

ಕೊಯ್ಲಿನ ದಿನ ಗೂಡಿನ ಸುತ್ತ ಪೈರಿನ ತುಂಡನ್ನು ಕೊಯ್ಯದೆ ಉಳಿಸಿ, ಒಂದು ಮೀಟರ್ ಎತ್ತರದ ಹೆಣಿಗೆ ತಂತಿಯ ಸುತ್ತುಬೇಲಿ ಅದೇ ದಿನ ಸಂಜೆಯೊಳಗೆ ನಿಲ್ಲಬೇಕು. ಬರಿಗೂಳೆಯ ನಡುವೆ ಉಳಿದ ಹಸಿರು ತುಂಡನ್ನು ನರಿ ಮೊದಲ ರಾತ್ರಿಯೇ ಬಂದು ನೋಡುತ್ತದೆ. ಮರಿ ಹಾರಿದ ಮೇಲೆ ಬೇಲಿ ಕಿತ್ತು ಕೊಡಿ, ಉಳಿದ ಗೋಧಿಯನ್ನು ರೈತ ಕೊಯ್ದುಕೊಳ್ಳಬಹುದು. ಅಷ್ಟರಲ್ಲಿ ಕಾಳು ಉದುರಿದ್ದರೆ ಅದರ ಬೆಲೆ ಎಷ್ಟೆಂದು ಮೇ ತಿಂಗಳಲ್ಲೇ ಮಾತಾಡಿ ಬರೆದಿಟ್ಟುಕೊಂಡಿರಬೇಕು.